ಅವಳೊಬ್ಬಳಿಗೇ ಪ್ರಮಾಣವಾಗುವ ರುಜು



ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಬಾಗಿಲು ಹಾಕುವ ಹೊತ್ತಿಗೆ, ಹೆಣ್ಣುಮಗಳೊಬ್ಬಳು ನಮ್ಮ ಕಚೇರಿಗೆ ಬಂದಳು. ಮದುವೆಯಾಗಿ ಮೂರು ವರ್ಷ. ಮದುವೆಯಲ್ಲಿ ಏನೇನು ಕೊಟ್ಟರು, ಆಮೇಲೆ ಏನೇನು ಕೇಳಿದರು, ಯಾವ ದಿನ ಯಾರು ಹೊಡೆದರು ಎಂಬುದನ್ನೆಲ್ಲ ಮೊಬೈಲಿನಲ್ಲಿ ಟೈಪ್ ಮಾಡಿ, ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಎರಡು ಹಾಳೆ ಪ್ರಿಂಟ್ ತೆಗೆಸಿಕೊಂಡಿದ್ದಳು. ಕೆಳಗೆ ಹೆಸರಿರಲಿಲ್ಲ, ರುಜುವೂ ಇರಲಿಲ್ಲ. "ರುಜು ಹಾಕಮ್ಮ" ಎಂದೆ. ಪೆನ್ನು ಹಿಡಿದು ಹಾಗೇ ಕೂತಳು. ಆಮೇಲೆ ಹೇಳಿದಳು: "ಅಕ್ಕಾ, ನೀವು ನಂಬಬೇಕು. ಆದರೆ ನಾಳೆ ಇದು ಅವರ ಕೈಗೆ ಸಿಕ್ಕರೆ ನಾನೇ ಬರೆದದ್ದು ಅಂತ ಅವರು ತೋರಿಸೋ ಹಾಗಿರಬಾರದು. ನಿಮಗೊಬ್ಬರಿಗೇ ಗೊತ್ತಾಗೋ ಹಾಗೆ ರುಜು ಹಾಕೋಕೆ ಆಗಲ್ವಾ?"

ಅಂಥ ರುಜು ಎಲ್ಲಿಯೂ ಇಲ್ಲ ಎಂದುಬಿಟ್ಟೆ. ಪಕ್ಕದ ಮೇಜಿನಲ್ಲಿದ್ದ ನಮ್ಮ ಕಾರ್ಯಕರ್ತೆ, ಕಂಪ್ಯೂಟರ್ ಓದಿದವಳು, ತಲೆಯೆತ್ತಿ "ಇದೆ ಅಕ್ಕ, ಲೆಕ್ಕದಲ್ಲಿ ಇದೆ" ಎಂದಳು. ಅವಳಿಂದ ಮತ್ತು ಅವಳು ತಂದುಕೊಟ್ಟ ಲೇಖನಗಳಿಂದ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ವರದಕ್ಷಿಣೆಯ ಪತ್ರಿಕೆಗೆ ಗಣಿತದ ಉಸಾಬರಿ ಏಕೆ ಎಂದು ಕೇಳಬೇಡಿ. ಯಾರ ಮಾತಿಗೆ ಯಾರು ಸಾಕ್ಷಿ ಎಂಬ ಪ್ರಶ್ನೆಯನ್ನು ನಾವು ದಿನವೂ ಎದುರಿಸುತ್ತಿದ್ದೇವೆ.

ಮೊದಲು ಸಾಮಾನ್ಯ ಡಿಜಿಟಲ್ ರುಜುವಿನ ವಿಷಯ. ಅದರಲ್ಲಿ ಎರಡು ಕೀಲಿಗಳು. ಗುಟ್ಟಿನ ಕೀಲಿ ನನ್ನ ಬಳಿ ಇರುತ್ತದೆ, ಬಹಿರಂಗ ಕೀಲಿ ಊರಿಗೆಲ್ಲ ಗೊತ್ತಿರುತ್ತದೆ. ಗುಟ್ಟಿನ ಕೀಲಿಯಿಂದ ಹಾಕಿದ ರುಜುವನ್ನು ಬಹಿರಂಗ ಕೀಲಿಯಿಂದ ಪರೀಕ್ಷಿಸುತ್ತಾರೆ. ಯಾರು ಪರೀಕ್ಷಿಸಬಹುದು? ಯಾರು ಬೇಕಾದರೂ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೇ ಕಲಮು ಇದನ್ನೇ ಹೇಳುತ್ತದೆ: ರುಜು ಮಾಡಿದವರ ಬಹಿರಂಗ ಕೀಲಿಯಿಂದ ಯಾವುದೇ ವ್ಯಕ್ತಿ ಆ ದಾಖಲೆಯನ್ನು ಪರಿಶೀಲಿಸಬಹುದು. ಸಾಲಪತ್ರಕ್ಕೆ, ಕ್ರಯಪತ್ರಕ್ಕೆ ಇದು ಸರಿ. ಗಂಡನ ಮನೆಯಲ್ಲಿ ಬದುಕುತ್ತಲೇ ಅಲ್ಲಿನ ಹಿಂಸೆಯನ್ನು ಹೊರಗೆ ಹೇಳುವ ಹೆಣ್ಣಿಗೆ ಈ 'ಯಾವುದೇ ವ್ಯಕ್ತಿ' ಎಂಬುದೇ ಕಂಟಕ. ಆ ವ್ಯಕ್ತಿ ಅತ್ತೆಯಾಗಿರಬಹುದು, ಮೈದುನನಾಗಿರಬಹುದು.

ಈ ತೊಡಕನ್ನು ಬಿಡಿಸುವ ಪ್ರಯತ್ನ ಹಳೆಯದು. 1989ರಲ್ಲಿ ಡೇವಿಡ್ ಚೌಮ್ ಮತ್ತು ಹಾನ್ಸ್ ವಾನ್ ಆಂಟ್ವೆರ್ಪನ್ ಒಂದು ಬಗೆಯ ರುಜುವನ್ನು ರಚಿಸಿದರು. ರುಜು ಹಾಕಿದವರು ಜೊತೆಗಿದ್ದು ಪ್ರಶ್ನೆಗಳಿಗೆ ಉತ್ತರಿಸಿದರೆ ಮಾತ್ರ ಅದು ನಿಜವೋ ಸುಳ್ಳೋ ತಿಳಿಯುತ್ತಿತ್ತು. ಆದರೆ ನನ್ನೆದುರು ಕೂತು ಪ್ರಶ್ನೆ ಕೇಳುವವಳು ಬಾಗಿಲ ಹಿಂದೆ ನಿಂತ ಇನ್ನೊಬ್ಬರು ಹೇಳಿಕೊಟ್ಟ ಪ್ರಶ್ನೆಗಳನ್ನೇ ಕೇಳುತ್ತಿದ್ದರೆ? ನಾನು ಒಬ್ಬಳಿಗೆ ಒಪ್ಪಿಸಿದ್ದು ಅವರಿಗೂ ಒಪ್ಪಿಗೆಯಾಗಿಬಿಡುತ್ತದೆ. 1994ರಲ್ಲಿ ಮಾರ್ಕುಸ್ ಯಾಕೋಬ್ಸನ್ ಈ ದೋಷದ ಬಗ್ಗೆ ಬರೆದ ಲೇಖನದ ಹೆಸರಿನಲ್ಲಿಯೇ ಬ್ಲ್ಯಾಕ್‌ಮೇಲ್ ಎಂಬ ಮಾತಿದೆ. ಎರಡು ವರ್ಷದ ನಂತರ, 1996ರಲ್ಲಿ, ಅವರೂ ಕಜೂಯೆ ಸಾಕೋ ಮತ್ತು ರಸೆಲ್ ಇಂಪಾಗ್ಲಿಯಾಜೊ ಅವರೂ ಸೇರಿ, ಆಯ್ದ ಒಬ್ಬರಿಗೆ ಮಾತ್ರ ಪ್ರಮಾಣವಾಗುವ ರುಜುವಿನ ದಾರಿಯನ್ನು ಸ್ಪೇನಿನಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದರು. (ಸಾಕೋ ಜಪಾನಿನ ಹೆಣ್ಣುಮಗಳು. ಗಣಿತದಲ್ಲಿ ಹೆಂಗಸರ ಹೆಸರು ಕಂಡಾಗ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.)

ಅವರ ಉಪಾಯವನ್ನು ನಮ್ಮ ಕಾರ್ಯಕರ್ತೆ ನನಗೆ ವಿವರಿಸಿದ್ದು ಹೀಗೆ. ಮನೆಯಲ್ಲಿ ನೀವು ಮತ್ತು ನಾನು ಇಬ್ಬರೇ ಇದ್ದೇವೆ. ಡಬ್ಬಿಯಲ್ಲಿದ್ದ ರವೆ ಉಂಡೆಯಲ್ಲಿ ಒಂದು ಕಡಿಮೆಯಾಗಿದೆ. ನಾನು ತಿಂದಿಲ್ಲ ಎಂದು ನನಗೆ ಗೊತ್ತು. ಅಂದಮೇಲೆ ತಿಂದವರು ನೀವೇ, ನನಗೆ ಅನುಮಾನವೇ ಇಲ್ಲ. ಆದರೆ ಪಕ್ಕದ ಮನೆಯವರಿಗೆ ಡಬ್ಬಿ ತೋರಿಸಿದರೆ ಏನು ಸಾಬೀತಾದಂತಾಯಿತು? ಇಬ್ಬರಲ್ಲಿ ಒಬ್ಬರು ತಿಂದಿದ್ದೀರಿ ಎನ್ನುತ್ತಾರೆ, ಅಷ್ಟೆ. ಈ ರುಜುವೂ ಹಾಗೆಯೇ. ಬರೆದವಳ ಗುಟ್ಟಿನ ಕೀಲಿಯಿಂದ ಅದನ್ನು ಹಾಕಬಹುದು, ಪಡೆದವಳ ಗುಟ್ಟಿನ ಕೀಲಿಯಿಂದಲೂ ಥೇಟು ಅಂಥದ್ದನ್ನೇ ಹಾಕಬಹುದು. ಪಡೆದವಳಿಗೆ ತಾನು ಹಾಕಿಲ್ಲವೆಂದು ಗೊತ್ತು, ಆದ್ದರಿಂದ ನಂಬುತ್ತಾಳೆ. ಮೂರನೆಯವರಿಗೆ ತೋರಿಸಿದರೆ "ನೀನೇ ಬರೆದುಕೊಂಡಿರಬಹುದಲ್ಲ" ಎನ್ನುತ್ತಾರೆ.

ಇದರಲ್ಲೂ ಒಂದು ತೂತಿತ್ತು. ಉಂಡೆ ಕಡಿಮೆಯಾದ ದಿನ ನಾನು ಊರಲ್ಲೇ ಇರಲಿಲ್ಲ ಎಂದು ಪಕ್ಕದವರಿಗೆ ತಿಳಿದಿದ್ದರೆ? ನಮ್ಮ ಹಿರಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತವರಿಗೆ ಬರೆದ ಇನ್‌ಲ್ಯಾಂಡ್ ಲೆಟರು ಅಂಚೆ ಡಬ್ಬಿ ಸೇರುವ ಮೊದಲೇ ಮಾವನ ಕೈಯಲ್ಲಿ ಬಿಚ್ಚಿಕೊಳ್ಳುತ್ತಿದ್ದ ಕಾಲವನ್ನು ಅವರು ಕಂಡಿದ್ದಾರೆ. ದಾರಿಯಲ್ಲೇ ಹಿಡಿದ ಕಾಗದವನ್ನು ಪಡೆಯುವವಳು ಸೃಷ್ಟಿಸಿರಲು ಸಾಧ್ಯವಿಲ್ಲ, ಬರೆದವಳು ಸಿಕ್ಕಿಬೀಳುತ್ತಾಳೆ. ಅದಕ್ಕೂ ಪರಿಹಾರವನ್ನು 1996ರವರೇ ಸೂಚಿಸಿದ್ದರು. 2003ರಲ್ಲಿ ಬ್ರಸೆಲ್ಸ್‌ನ ಸಂಶೋಧಕರು ಅದನ್ನು ಇನ್ನಷ್ಟು ಬಿಗಿ ಮಾಡಿದರು. ಈ ಬಗೆಯಲ್ಲಿ ಪಡೆಯುವವಳ ಗುಟ್ಟಿನ ಕೀಲಿ ಇಲ್ಲದೆ ರುಜುವನ್ನು ಪರೀಕ್ಷೆ ಮಾಡುವುದೇ ಆಗುವುದಿಲ್ಲ.

ಗಣಿತ ಇಲ್ಲಿಗೆ ಸಾಕು. ನಮ್ಮ ಮೇಜಿಗೆ ಬರೋಣ.

ಇಂಥ ರುಜು ದೂರದ ಮಾತಲ್ಲ. ಅದರ ಹತ್ತಿರದ ಬಂಧುವೊಂದು ನಿಮ್ಮ ಕೈಯ ಫೋನಿನಲ್ಲೇ ಇದೆ. 2004ರಲ್ಲಿ ಬೊರಿಸೊವ್, ಗೋಲ್ಡ್‌ಬರ್ಗ್, ಬ್ರೂವರ್ ಎಂಬ ಮೂವರು, ಖಾಸಗಿ ಹರಟೆಯ ಸಂದೇಶಕ್ಕೆ ಶಾಶ್ವತ ರುಜು ಬೇಡ, ಇಬ್ಬರಿಗೂ ತಿಳಿದಿರುವ ಒಂದೇ ಗುಟ್ಟಿನಿಂದ ಮುದ್ರೆ ಒತ್ತಿದರೆ ಸಾಕು ಎಂದು ತೋರಿಸಿದರು. ಸಿಗ್ನಲ್ ಆ ದಾರಿಯಲ್ಲಿ ನಡೆಯಿತು. 2016ರಲ್ಲಿ ವಾಟ್ಸಾಪ್ ಕೂಡ ಅದೇ ವಿಧಾನವನ್ನು ಎಲ್ಲ ಬಳಕೆದಾರರಿಗೂ ತಂದಿತು. ಇಬ್ಬರ ನಡುವಿನ ಸಂದೇಶ ಯಾರದೆಂದು ಆ ಇಬ್ಬರಿಗೆ ಖಚಿತ. ಮೂರನೆಯವರ ಮುಂದೆ, ಬರೀ ಲೆಕ್ಕದ ದೃಷ್ಟಿಯಿಂದ, ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ರಚಿಸಿರಬಹುದು.

ನಮ್ಮಲ್ಲಿಗೆ ಬಂದ ಆ ಹುಡುಗಿಗೆ ಇದು ರಕ್ಷೆ. ಅದೇ ಫೋನಿನಲ್ಲಿ "ಬಾಕಿ ಐದು ಲಕ್ಷ ಯಾವಾಗ ತರುತ್ತೀಯ" ಎಂದು ಬರೆಯುವ ಗಂಡನಿಗೂ ಇದೇ ರಕ್ಷೆಯಲ್ಲವೆ? ಅವಳು ಅದರ ಚಿತ್ರ ತೆಗೆದು ತಂದರೆ "ಅವಳೇ ಟೈಪ್ ಮಾಡಿಕೊಂಡಿದ್ದಾಳೆ" ಎಂದುಬಿಡುತ್ತಾನೆ. ನನ್ನ ಮನಸ್ಸನ್ನು ಕೊರೆಯುವುದು ಇದೇ. ಗಣಿತದಲ್ಲಿ ಅನುಮಾನ ಇಬ್ಬರ ಮೇಲೂ ಸಮನಾಗಿ ಬೀಳುತ್ತದೆ. ಪಂಚಾಯಿತಿ ಕಟ್ಟೆಯಲ್ಲಿ, ಠಾಣೆಯಲ್ಲಿ, ಎರಡೂ ಕಡೆಯ ಹಿರಿಯರು ಸೇರಿದ ಹಜಾರದಲ್ಲಿ ಅದು ಎಂದಾದರೂ ಸಮನಾಗಿ ಬಿದ್ದಿದೆಯೆ? ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದಾಗ ಎಲ್ಲರ ಕಣ್ಣು ಮೊದಲು ಯಾರ ಕಡೆ ತಿರುಗುತ್ತದೆ ಎಂಬುದು ನಮಗೆ ಗೊತ್ತು.

ಆದ್ದರಿಂದ ಹೆಂಗಸರಿಗೆ ತಿಳಿದಿರಬೇಕಾದ ಒಂದು ಮಾತು. ನ್ಯಾಯಾಲಯ ಬರೀ ಲೆಕ್ಕದ ಮೇಲೆ ತೀರ್ಮಾನ ಮಾಡುವುದಿಲ್ಲ. ಸಂದೇಶವಿರುವ ಫೋನು, ಅವಳ ಸಾಕ್ಷ್ಯ, ಹಣ ಕಳಿಸಿದ ಬ್ಯಾಂಕಿನ ಲೆಕ್ಕ, ಎಲ್ಲವನ್ನೂ ಕೂಡಿಸಿ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಿಂಟ್ ತೆಗೆದ ಸಂದೇಶಕ್ಕೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದನ್ನು ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ದಾಖಲೆಯ 'ಹ್ಯಾಶ್' ಅಂಕಿ, ಎಂದರೆ ಅಕ್ಷರವೊಂದು ಬದಲಾದರೂ ಬದಲಾಗಿಬಿಡುವ ಗುರುತಿನ ಸಂಖ್ಯೆಯನ್ನು, ಅದರಲ್ಲಿ ನಮೂದಿಸಬೇಕು. ಚಿತ್ರ ತೆಗೆದಿದ್ದೇನೆಂದು ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ. ಆ ಹಳೆಯ ಫೋನೇ ನಿಮ್ಮ ಸಾಕ್ಷಿ.

ಇನ್ನೊಂದು ಮಗ್ಗುಲೂ ಇದೆ. 2025ರ ಜುಲೈ 14ರಂದು ಸುಪ್ರೀಂ ಕೋರ್ಟು, ಹೆಂಡತಿಗೆ ತಿಳಿಯದಂತೆ ಗಂಡ ರೆಕಾರ್ಡ್ ಮಾಡಿಕೊಂಡ ಫೋನ್ ಮಾತುಕತೆಯನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಹೇಳಿತು. ಹೆಂಡತಿಯೂ ಹೀಗೆ ರೆಕಾರ್ಡ್ ಮಾಡಬಹುದು, ನಿಜ. ಆದರೆ ಮನೆಯಲ್ಲಿ ಫೋನು ಕೊಡಿಸಿದವನು, ಅದರ ಲಾಕ್ ತಿಳಿದವನು ಸಾಮಾನ್ಯವಾಗಿ ಯಾರು? ಗುಟ್ಟಿನ ಕೀಲಿ ಗುಟ್ಟಾಗಿಯೇ ಇದ್ದರೆ ಮಾತ್ರ ಮೇಲೆ ಹೇಳಿದ ಲೆಕ್ಕವೆಲ್ಲ ನಡೆಯುತ್ತದೆ. ಅವಳ ಕೀಲಿ ಗಂಡನ ಕೈಯಲ್ಲಿದ್ದರೆ ಅವನು ಅವಳ ಹೆಸರಿನಲ್ಲಿ ರುಜು ಹಾಕಬಹುದು, ಅವಳಿಗೆ ಬಂದ ಪತ್ರವನ್ನು ಓದಬಹುದು. ಯಾವ ಸಮ್ಮೇಳನದ ಲೇಖನವೂ ಅಲ್ಲಿ ಅವಳ ಸಹಾಯಕ್ಕೆ ಬರುವುದಿಲ್ಲ.

ಇನ್ನು ಸತ್ತವರ ಮಾತು. 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಸತ್ತ ಆ ಯುವತಿ ತನ್ನ ಸಹೋದರಿಗೆ, ಗೆಳತಿಗೆ ಬರೆದ ಕಾಗದಗಳನ್ನು ನ್ಯಾಯಾಲಯ ಓದಿತು. ಸಾವಿನ ಕಾರಣವೇ ಪ್ರಶ್ನೆಯಾದಾಗ ಇಂಥ ಕಾಗದಗಳು ಸಾಕ್ಷ್ಯವಾಗಬಲ್ಲವು ಎಂಬುದು ಆ ತೀರ್ಪಿನಿಂದ ಗಟ್ಟಿಯಾಯಿತು. ಗಂಡನಿಗೆ ಸಂಶಯದ ಲಾಭ ಸಿಕ್ಕಿ ಬಿಡುಗಡೆಯಾಯಿತು, ಅದು ಬೇರೆ ನೋವು. ಆದರೂ ಆ ಕಾಗದಗಳು ಆಕೆಯವೇ ಎಂದು ಮೂರನೆಯವರು ಒಪ್ಪಬಲ್ಲ ಸ್ಥಿತಿಯಲ್ಲಿದ್ದವು. ಅಕ್ಕನಿಗೊಬ್ಬಳಿಗೇ ಪ್ರಮಾಣವಾಗುವ ರುಜು ಹಾಕಿದ ಹುಡುಗಿ ಸತ್ತುಹೋದರೆ, ಅಕ್ಕನಿಗೆ ಎಲ್ಲವೂ ಗೊತ್ತಿರುತ್ತದೆ. ಅವಳು ಎದೆ ಬಡಿದುಕೊಂಡು ಹೇಳಿದರೂ "ನೀನೇ ಬರೆದುಕೊಂಡಿರಬಹುದಲ್ಲ" ಎಂಬ ಆ ಪಕ್ಕದ ಮನೆಯ ಮಾತೇ ವಕೀಲರ ಬಾಯಲ್ಲಿ ಬರುತ್ತದೆ. ಬದುಕಿರುವಾಗ ಕಾಯುವ ರುಜು ಸತ್ತಮೇಲೆ ಅವಳ ಬಾಯಿ ಕಟ್ಟುತ್ತದೆ.

ಹಾಗಾದರೆ ಯಾವುದು ಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ. ಗುಟ್ಟಾಗಿಡುವುದೂ ಬಹಿರಂಗ ಮಾಡುವುದೂ ಅವಳ ಕೈಯಲ್ಲಿರಬೇಕು. 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡುಹಿಡಿದ ಒಂದು ವಿಧಾನ ಇದಕ್ಕೆ ಹತ್ತಿರ ಬರುತ್ತದೆ. ಎಲ್ಲರಿಗೂ ಪ್ರಮಾಣವಾಗುವ ಪೂರ್ಣ ರುಜುವುಳ್ಳ ದಾಖಲೆ ಅವಳ ಬಳಿ ಭದ್ರವಾಗಿರುತ್ತದೆ. ಬೇಕಾದಾಗ ಅದರಿಂದ, ಅವಳು ಆರಿಸಿದ ಒಬ್ಬರಿಗೆ ಮಾತ್ರ ಪ್ರಮಾಣವಾಗುವ ಪ್ರತಿಯೊಂದನ್ನು ತಾನೇ ಹುಟ್ಟಿಸಿ ಕೊಡಬಹುದು. ಆ ಪ್ರತಿ ಸೋರಿಹೋದರೂ ಅದರಿಂದ ಯಾರೂ ಏನನ್ನೂ ಸಾಧಿಸಲಾರರು. ನ್ಯಾಯಾಲಯದ ದಿನ ಬಂದರೆ ಮೂಲವನ್ನು ತೆಗೆಯುತ್ತಾಳೆ. ನಮ್ಮಂಥ ಸಂಸ್ಥೆಗಳೂ ಇಲ್ಲಿ ಸ್ವಲ್ಪ ತಲೆತಗ್ಗಿಸಬೇಕು. "ರುಜು ಹಾಕಮ್ಮ" ಎಂದು ಪೆನ್ನು ಮುಂದೆ ಚಾಚುವ ನಾವು, ಆ ಹಾಳೆ ನಮ್ಮ ಬೀರುವಿನಿಂದ ಹೊರಗೆ ಹೋದರೆ ಅವಳ ಗತಿಯೇನು ಎಂದು ಎಷ್ಟು ಸಲ ಯೋಚಿಸಿದ್ದೇವೆ?

ಆದರೆ ಕೊಟ್ಟದ್ದು, ಪಡೆದದ್ದರ ವಿಷಯದಲ್ಲಿ ಗುಟ್ಟಿನ ರುಜುವನ್ನು ನಾನು ಒಪ್ಪುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ಬಂದ ನಿಯಮಗಳ ಪ್ರಕಾರ ಮದುವೆಯ ಉಡುಗೊರೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಮಾಡಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಎಲ್ಲ ಇರಬೇಕು. ಕೆಳಗೆ ವಧು ವರ ಇಬ್ಬರೂ ರುಜು ಹಾಕಬೇಕು. ಅದು ಯಾರು ಬೇಕಾದರೂ ಓದಬಲ್ಲ, ಪರೀಕ್ಷಿಸಬಲ್ಲ ರುಜು. ನಲವತ್ತು ವರ್ಷ ಕಳೆದರೂ ನಮ್ಮ ಮದುವೆ ಛತ್ರಗಳಲ್ಲಿ ಮುಯ್ಯಿ ಬರೆದುಕೊಳ್ಳುವ ನೋಟುಬುಕ್ಕು ಕಾಣುತ್ತದೆ, ಈ ಪಟ್ಟಿ ಕಾಣುವುದಿಲ್ಲ. ಕೇಳಿದರೆ "ಶುಭಕಾರ್ಯದಲ್ಲಿ ಅಪಶಕುನದ ಮಾತೇಕೆ" ಎನ್ನುತ್ತಾರೆ.

ಆ ಹುಡುಗಿ ಅಂದು ರುಜು ಹಾಕಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಎರಡು ತಿಂಗಳ ನಂತರ ತಮ್ಮನನ್ನು ಕರೆದುಕೊಂಡು ಬಂದಳು. ಆ ಎರಡು ಹಾಳೆಗಳನ್ನು ಕೇಳಿ ತೆಗೆಸಿಕೊಂಡು, ಪ್ರತಿ ಪುಟದ ಕೆಳಗೂ ತಾರೀಖು ಬರೆದು ರುಜು ಹಾಕಿದಳು. ಒಂದು ಪ್ರತಿ ನಮ್ಮಲ್ಲಿದೆ, ಒಂದು ವಕೀಲರಲ್ಲಿ.

ಮುಂದಿನ ಸಂಚಿಕೆಯಲ್ಲಿ ಉಡುಗೊರೆ ಪಟ್ಟಿಯ ನಮೂನೆಯನ್ನು ಪ್ರಕಟಿಸುತ್ತೇವೆ. ನಿಮ್ಮ ಮನೆಯ ಮದುವೆಯಲ್ಲಿ ಪಟ್ಟಿ ಮಾಡಿಸಿದ್ದರೆ, ಅಥವಾ ಮಾಡಿಸಲು ಹೋಗಿ ಮಾತು ಕೇಳಿಸಿಕೊಂಡಿದ್ದರೆ, ನಮಗೆ ಬರೆಯಿರಿ. ಹೆಸರು ಹಾಕಲೇಬೇಕೆಂದಿಲ್ಲ.