ಬರ ಇರುವುದು ಕನ್ನಡದಲ್ಲಲ್ಲ, ಕನ್ನಡಿಸುವವರ ತಲೆಯಲ್ಲಿ!

"ಕನ್ನಡದಲ್ಲಿ ಪದಗಳೇ ಇಲ್ಲ ಸ್ವಾಮಿ, ಏನು ಮಾಡೋಣ?"

ಈ ರಾಗ ಕೇಳಿ ಕೇಳಿ ಕಿವಿ ತೂತಾಗಿದೆ. ಬ್ಯಾಂಕಿನ ಮ್ಯಾನೇಜರು ಇದನ್ನೇ ಹಾಡುತ್ತಾರೆ. ಕಾರ್ಖಾನೆಯ ದೊಡ್ಡ ಸಾಹೇಬರು ಇದನ್ನೇ ಹಾಡುತ್ತಾರೆ. ಕನ್ನಡ ತಾಯಿಯ ಹೊಟ್ಟೆಯಲ್ಲೇ ಹುಟ್ಟಿ ನಾಲ್ಕಕ್ಷರ ಇಂಗ್ಲಿಷ್ ಕಲಿತ ನಮ್ಮ ಹುಡುಗರೂ ಪಕ್ಕದಲ್ಲಿ ನಿಂತು ತಾಳ ಹಾಕುತ್ತಾರೆ.

ಕನ್ನಡದ ತರುಣರೇ, ಇದು ಹಸಿ ಸುಳ್ಳು! ಇಂಗ್ಲಿಷಿನ ಒಂದೇ ಪದ ಐದಾರು ಕಡೆ ದುಡಿಯುವಾಗ, ಕನ್ನಡ ಒಂದೊಂದು ಕೆಲಸಕ್ಕೂ ಒಂದೊಂದು ಪದ ಇಟ್ಟುಕೊಂಡಿದೆ. ಆ ಐದಾರರಲ್ಲಿ ಇಲ್ಲಿಗೆ ಯಾವುದು ಎಂದು ಆರಿಸುವ ವ್ಯವಧಾನ ಇಲ್ಲದವರು, ಒಂದೂ ಇಲ್ಲ ಎಂದು ಡಂಗುರ ಸಾರುತ್ತಿದ್ದಾರೆ.

ನಾನು ಪಂಡಿತನಲ್ಲ. ಓದಿದ್ದು ಪಿಯುಸಿ. ಮುದ್ರಣಾಲಯ ನಡೆಸುತ್ತೇನೆ. ಬಿಲ್ ಪುಸ್ತಕ, ರಸೀದಿ, ಅರ್ಜಿ ನಮೂನೆ, ಕರಪತ್ರ, ಲಗ್ನಪತ್ರಿಕೆ ಎಲ್ಲ ನನ್ನ ಕೈ ಮೇಲೆ ಹಾದು ಹೋಗುತ್ತವೆ. ಯಾರು ಎಂಥ ಕನ್ನಡ ಬರೆದು ತರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಒಂದು 'ಚಾರ್ಜ್', ಆರು ಕನ್ನಡ

'ಚಾರ್ಜ್' ಎಂಬ ಪದವನ್ನೇ ತೆಗೆದುಕೊಳ್ಳಿ. ಬ್ಯಾಂಕು ನಿಮ್ಮ ಖಾತೆಯಿಂದ ಮುರಿದುಕೊಳ್ಳುವ ಚಾರ್ಜು ಶುಲ್ಕ. ಪೊಲೀಸರು ಕೋರ್ಟಿಗೆ ಸಲ್ಲಿಸುವ ಚಾರ್ಜ್‌ಶೀಟು ದೋಷಾರೋಪ ಪಟ್ಟಿ. ಅದೇ ಪೊಲೀಸರು ಚಳವಳಿಗಾರರ ಬೆನ್ನಿಗೆ ಇಳಿಸುವ ಲಾಠಿ ಚಾರ್ಜು ಲಾಠಿ ಪ್ರಹಾರ. ಹೊಸ ತಹಸೀಲ್ದಾರರು ಚಾರ್ಜ್ ತೆಗೆದುಕೊಂಡರೆ ಅಧಿಕಾರ ವಹಿಸಿಕೊಂಡರು ಎನ್ನುತ್ತೇವೆ. ಅವರು ಬರುವ ತನಕ ಕುರ್ಚಿ ನೋಡಿಕೊಂಡವರು ಪ್ರಭಾರಿ. ಭೌತಶಾಸ್ತ್ರದ ಪಾಠದಲ್ಲಿ ಎಲೆಕ್ಟ್ರಾನಿಗೆ ಇರುವ ಚಾರ್ಜು ವಿದ್ಯುದಾವೇಶ. ಮೊಬೈಲಿಗೆ ಮಾತ್ರ ಎಲ್ಲರೂ 'ಚಾರ್ಜ್ ಹಾಕು' ಅನ್ನುತ್ತಾರೆ. ಅನ್ನಲಿ ಬಿಡಿ! ಜನರ ಬಾಯಲ್ಲಿ ಊರಿದ ಪದವನ್ನು ಕಿತ್ತು ಹಾಕಬೇಕಾಗಿಲ್ಲ.

'ಟೇಬಲ್' ನೋಡಿ. ಕೋಣೆಯಲ್ಲಿದ್ದರೆ ಮೇಜು, ಪುಸ್ತಕದಲ್ಲಿದ್ದರೆ ಕೋಷ್ಟಕ, ಮಗುವಿನ ಬಾಯಲ್ಲಿದ್ದರೆ ಮಗ್ಗಿ. 'ಆರ್ಡರ್' ಸರ್ಕಾರ ಹೊರಡಿಸಿದರೆ ಆದೇಶ, ಹೆಸರುಗಳನ್ನು ಜೋಡಿಸಿದರೆ ಅಕಾರಾದಿ ಕ್ರಮ, ಬೀದಿಯಲ್ಲಿ ಕಾಪಾಡಿದರೆ ಸುವ್ಯವಸ್ಥೆ. 'ಇಶ್ಯೂ' ಪತ್ರಿಕೆಯದಾದರೆ ಸಂಚಿಕೆ, ರೇಷನ್ ಕಾರ್ಡಿನದಾದರೆ ವಿತರಣೆ, ಉಯಿಲಿನಲ್ಲಿ ಬಂದರೆ ಸಂತಾನ. ನನ್ನ ಕಸುಬಿನ 'ಪ್ರೂಫ್' ಕರಡಚ್ಚು, ವಕೀಲರ ಪ್ರೂಫ್ ಪುರಾವೆ, ರೇಖಾಗಣಿತದ ಪ್ರೂಫ್ ಸಾಧನೆ.

ಈಗ ಹೇಳಿ, ಯಾವ ಭಾಷೆಗೆ ಪದಗಳ ಬರ?

ಹಲವು ಅರ್ಥ ಇರುವುದು ಇಂಗ್ಲಿಷಿನ ಅಪರಾಧ ಎಂದು ನಾನು ಹೇಳುವುದಿಲ್ಲ. ಎಲ್ಲ ಭಾಷೆಗಳೂ ಹಾಗೆಯೇ. ನಾವು ಮನೆ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ. ಇಂಗ್ಲಿಷಿನವನು ಈ ನಾಲ್ಕು ಕಡೆ ನಾಲ್ಕು ಪದ ಹಾಕುತ್ತಾನೆ. 'ಕಟ್ಟು' ಎಂಬುದಕ್ಕೆ ನಮ್ಮಲ್ಲಿ ಪದವೇ ಇಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂರುವುದಿಲ್ಲ. ನಮ್ಮವರಿಗೆ ಮಾತ್ರ ಯಾಕೆ ಈ ಕೀಳರಿಮೆ?

ಪ್ರಾಂಶುಪಾಲರಿಗೆ ಆಸಕ್ತಿ ಕಟ್ಟಬೇಕೇ?

ಸಾಲ ಕೊಡುವ ಖಾಸಗಿ ಕಂಪನಿಯೊಂದರ ಅರ್ಜಿ ನಮೂನೆ ನನ್ನಲ್ಲಿಗೆ ಅಚ್ಚಿಗೆ ಬಂತು. ಹೆಸರು ಬೇಡ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. 'ಇಂಟರೆಸ್ಟ್ ರೇಟ್' ಇದ್ದ ಕಡೆ 'ಆಸಕ್ತಿ ದರ'. 'ಪ್ರಿನ್ಸಿಪಲ್' ಇದ್ದ ಕಡೆ 'ಪ್ರಾಂಶುಪಾಲರು'. 'ಬ್ಯಾಲೆನ್ಸ್' ಇದ್ದ ಕಡೆ 'ಸಮತೋಲನ'. 'ಸೆಕ್ಯುರಿಟಿ' ಇದ್ದ ಕಡೆ 'ಭದ್ರತಾ ಸಿಬ್ಬಂದಿ'! ಫೋನು ಮಾಡಿ, "ನಾನೇ ತಿದ್ದಿಕೊಡುತ್ತೇನೆ, ಅದಕ್ಕೆ ಕಾಸು ಬೇಡ" ಎಂದೆ. ಬಂದ ಉತ್ತರ ಕೇಳಿ: "ಹೆಡ್ಡಾಫೀಸಿನಲ್ಲಿ ಪಾಸಾಗಿದೆ, ಹಾಗೇ ಹಾಕಿ. ಕನ್ನಡದ್ದನ್ನು ಯಾರು ಓದ್ತಾರೆ?"

ಕೆಲಸ ವಾಪಸ್ ಕಳಿಸಿದೆ. ಅವರು ಇನ್ನೊಂದು ಪ್ರೆಸ್ಸಿನಲ್ಲಿ ಹಾಕಿಸಿಕೊಂಡರು.

ಬಡ್ಡಿ, ಅಸಲು, ಬಾಕಿ, ಜಾಮೀನು. ಇಲ್ಲಿ ಬೇಕಾಗಿದ್ದುದು ಈ ನಾಲ್ಕು ಪದ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೂ ಗೊತ್ತಿರುವ ಪದಗಳು. ಅಜ್ಜಿಗೆ ಗೊತ್ತಿರುವುದು ಹೆಡ್ಡಾಫೀಸಿನ ಪದವೀಧರರಿಗೆ ಗೊತ್ತಿಲ್ಲ!

ನಗು ಬರುತ್ತದೆ ಅಲ್ಲವೇ? ನಗಬೇಡಿ. ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವಳು ನಿಮ್ಮೂರಿನ ಹೆಣ್ಣುಮಗಳು. ಬ್ಯಾಂಕೇತರ ಹಣಕಾಸು ಕಂಪನಿಗಳು ಸಾಲಗಾರರಿಗೆ ತಿಳಿಸುವುದೆಲ್ಲ ಸ್ಥಳೀಯ ಭಾಷೆಯಲ್ಲಿ, ಇಲ್ಲವೇ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಂಪನಿಗಳು ಏನು ಮಾಡುತ್ತವೆ? ಕನ್ನಡ ಅಕ್ಷರ ಇದ್ದರೆ ಸಾಕು, ನಿಯಮ ಪಾಲಿಸಿದ ಹಾಗಾಯಿತು ಎಂದು ಕೈ ತೊಳೆದುಕೊಳ್ಳುತ್ತವೆ. ಅಕ್ಷರ ಕನ್ನಡ, ಅರ್ಥ ಶೂನ್ಯ! ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟ ತಾಳಲಾರದೆ ಜನ ಊರು ಬಿಟ್ಟ ಸುದ್ದಿಗಳು ಬಂದು, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದೂ ಒಂದು ದೌರ್ಜನ್ಯವೇ.

ಇನ್ನೊಂದು ಗುಂಪಿನ ಮಾತನ್ನೂ ಹೇಳಿಬಿಡುತ್ತೇನೆ. ಅಸಲು, ಬಾಕಿ, ಜಾಮೀನು, ರಸೀದಿ, ವಸೂಲಿ ಇವೆಲ್ಲ ಅರಬಿ ಫಾರಸಿಯಿಂದ ಬಂದವು, ಶುದ್ಧವಲ್ಲ ಎಂದು ಮೂಗು ಮುರಿದು, ನಾಲಿಗೆ ಹೊರಳದ ಸಂಸ್ಕೃತ ಸಮಾಸ ಕಟ್ಟುವ ಮಹಾಶಯರಿದ್ದಾರೆ. ಅಯ್ಯಾ, ತಲೆತಲಾಂತರದಿಂದ ನಮ್ಮ ಜನ ಆಡಿದ ಮಾತು ನಮ್ಮದೇ. ಓದುವವನಿಗೆ ಅರ್ಥವಾಗದ ಶುದ್ಧತೆ ಯಾರ ಉದ್ಧಾರಕ್ಕೆ?

ಹಿಂದಿನವರು ಮಾಡಿ ತೋರಿಸಿದ್ದಾರೆ

'ಸ್ಟೇಷನ್' ಎಂಬ ಪದವನ್ನು ನಮ್ಮ ಹಿರಿಯರು ಹೇಗೆ ಬಿಡಿಸಿದರು ನೋಡಿ. ರೈಲು ನಿಲ್ಲುವುದು ನಿಲ್ದಾಣ. ಪೊಲೀಸರು ಕೂರುವುದು ಠಾಣೆ. ಬಾನುಲಿಯದು ಕೇಂದ್ರ. ವಿದ್ಯುತ್ ಹುಟ್ಟುವುದು ಸ್ಥಾವರ. 'ಪೊಲೀಸ್ ನಿಲ್ದಾಣ' ಎಂಬ ಬೋರ್ಡನ್ನು ಎಂದಾದರೂ ನೋಡಿದ್ದೀರಾ? ಓಟು ಹಾಕುವ ಬೂತಿಗೆ 'ಮತಗಟ್ಟೆ' ಎಂದರು. ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳಿದ ಜನಕ್ಕೆ ಕೇಳಿದ ತಕ್ಷಣ ಅರ್ಥವಾಗುವ ಪದ! ವೆಬ್‌ಸೈಟಿಗೆ 'ಜಾಲತಾಣ' ಎಂದವರೂ ತಲೆ ಉಪಯೋಗಿಸಿದರು. ಸೈಟು ಎಂದರೆ ನಿವೇಶನ ಎಂದು ಬರೆದಿದ್ದರೆ ಬೆಂಗಳೂರಿನ ದಲ್ಲಾಳಿಗಳು ಅದನ್ನೂ ಮಾರಿಕೊಳ್ಳುತ್ತಿದ್ದರು!

ಇವರೆಲ್ಲ ಪದ ನೋಡಿ ಪದ ಇಡಲಿಲ್ಲ, ಕೆಲಸ ನೋಡಿ ಪದ ಇಟ್ಟರು. ಇದಕ್ಕೆ ಬೇಕಾದ ಸಾಮಗ್ರಿಯೂ ನಮ್ಮಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲೇ ಬಂತು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ವರ್ಷಗಟ್ಟಲೆ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂಶಯ ಬಿಡಿಸಿದರು. ನಿಘಂಟು ಒಂದು ಪದದ ಮುಂದೆ ಹಲವು ಅರ್ಥ ಬಿಡಿಸಿ ಇಡುವುದು ಆರಿಸಿಕೊಳ್ಳಲಿ ಎಂದು. ನಮ್ಮ ಅನುವಾದಕ ಮಹಾಶಯರು ಮೊದಲನೆಯದನ್ನು ನಕಲು ಮಾಡಿ ಪುಸ್ತಕ ಮುಚ್ಚಿದರೆ ನಿಘಂಟು ಏನು ಮಾಡೀತು?

ಈಗ ಪುಸ್ತಕ ತೆರೆಯುವ ಶ್ರಮವೂ ಇಲ್ಲ. ಎಲ್ಲ ಯಂತ್ರಕ್ಕೆ ಬಿಟ್ಟಿದ್ದಾರೆ. ಹಿಂದು ಮುಂದಿಲ್ಲದೆ ಬರೀ 'ಬುಕ್' ಎಂದು ಕೊಟ್ಟರೆ ಪುಸ್ತಕವೋ, ಸೀಟು ಕಾದಿರಿಸುವುದೋ? ಬರೀ 'ರೈಟ್' ಎಂದರೆ ಬಲಗಡೆಯೋ, ಸರಿಯೋ, ಹಕ್ಕೋ? ಇಡೀ ವಾಕ್ಯ ಕೊಟ್ಟರೂ ಯಂತ್ರ ಎಡವುತ್ತದೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ, ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಕನ್ನಡ ಸುದ್ದಿಯನ್ನು ಮೆಟಾ ಕಂಪನಿಯ ಯಂತ್ರ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ತೀರಿಕೊಂಡರು ಎನ್ನುವಂತೆ ಬರೆಯಿತು! ಮುಖ್ಯಮಂತ್ರಿಗಳ ಕಡೆಯಿಂದ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿತು. ನಿಮ್ಮ ಅಮ್ಮನ ಸಾಲದ ಕಾಗದದಲ್ಲಿ ಇಂಥ ತಪ್ಪಾದರೆ ಪತ್ರ ಬರೆಯುವವರು ಯಾರು? ಕ್ಷಮೆ ಕೇಳುವವರು ಯಾರು?

ಅಳತೆ ಆಯಿತು, ಅರ್ಥ?

ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆ ಬಂದದ್ದು 1963ರಲ್ಲಿ. ಅರವತ್ತು ವರ್ಷ ದಾಟಿತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಗಳಿಗಾಗಿ ಹೋರಾಟ ನಡೆಯಿತು. 2024ರಲ್ಲಿ ಇನ್ನೊಂದು ಕಾಯ್ದೆಗೆ ತಿದ್ದುಪಡಿ ಬಂದು ಫಲಕದ ನೂರಕ್ಕೆ 60 ಭಾಗ ಕನ್ನಡ ಇರಬೇಕು ಎಂದಾಯಿತು. ಸಂತೋಷ. ಆದರೆ ಆ 60 ಭಾಗವನ್ನು ಅಳೆಯಲು ಟೇಪು ಇದೆ. ಅದರಲ್ಲಿರುವುದು ಕನ್ನಡವೋ, ಕನ್ನಡದ ವೇಷವೋ ಎಂದು ಅಳೆಯಲು ಟೇಪು ಎಲ್ಲಿದೆ?

ಇದರ ಹಿಂದಿನ ಅಪಾಯ ತಿಳಿಯಿರಿ. ಕೆಟ್ಟ ಕನ್ನಡದ ಅರ್ಜಿ ಕೊಟ್ಟರೆ ಕನ್ನಡಿಗನೇ, "ಇದು ತಲೆ ಬುಡ ಅರ್ಥ ಆಗಲ್ಲ, ಇಂಗ್ಲಿಷ್‌ದೇ ಕೊಡಿ" ಎನ್ನುತ್ತಾನೆ. ಮರುದಿನ ಸಾಹೇಬರು, "ನೋಡಿ, ಕನ್ನಡ ಅರ್ಜಿ ಯಾರಿಗೂ ಬೇಡ" ಎಂದು ಅದನ್ನು ಅಚ್ಚು ಹಾಕಿಸುವುದನ್ನೇ ನಿಲ್ಲಿಸುತ್ತಾರೆ. ಕನ್ನಡವನ್ನು ಕನ್ನಡಿಗನ ಕೈಯಲ್ಲೇ ಕೊಲ್ಲಿಸುವ ಉಪಾಯ ಇದು!

ಏನು ಮಾಡಬೇಕು?

ಇಂಗ್ಲಿಷ್ ಪದಕ್ಕೆ ಕನ್ನಡ ಹುಡುಕುವವರು ಮೊದಲು ಇಡೀ ವಾಕ್ಯ ಕೇಳಿ. ಒಂಟಿ ಪದಕ್ಕೆ ಅರ್ಥ ಹೇಳಲೇಬೇಡಿ. ಎರಡನೆಯದು, ಆ ಪದ ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ನೋಡಿ, ಆ ಕೆಲಸವನ್ನು ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಏನೆನ್ನುತ್ತಾರೆ ಎಂದು ನೆನಪಿಸಿಕೊಳ್ಳಿ. ಮೂರನೆಯದು, ಇಂಗ್ಲಿಷ್ ಬಾರದ ಒಬ್ಬರಿಗೆ ಓದಿ ಹೇಳಿ. ಅವರು "ಹಾಗಂದ್ರೆ?" ಎಂದು ಕೇಳಿದರೆ ನಿಮ್ಮ ಪದ ಸೋತಿತು ಎಂದರ್ಥ.

ಸರ್ಕಾರಕ್ಕೆ, ಕಂಪನಿಗಳಿಗೆ ನಮ್ಮ ಬೇಡಿಕೆ ಎರಡೇ. ಬ್ಯಾಂಕು, ವಿಮೆ, ಆಸ್ಪತ್ರೆ, ಕೋರ್ಟುಗಳ ನಮೂನೆಗಳಲ್ಲಿ ಬರುವ ಪದಗಳನ್ನು ಅರ್ಥವಾರು ಬಿಡಿಸಿದ ಪಟ್ಟಿಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಎಲ್ಲ ಕಚೇರಿಗಳಿಗೂ, ನಮ್ಮಂಥ ಮುದ್ರಣಾಲಯಗಳಿಗೂ ಹಂಚಲಿ. ಸಾರ್ವಜನಿಕರು ಸಹಿ ಹಾಕುವ ಪ್ರತಿ ನಮೂನೆಯ ಕೆಳಗೆ, ಅದರ ಕನ್ನಡ ಒಪ್ಪಿದ ಅಧಿಕಾರಿಯ ಹೆಸರು ಅಚ್ಚಾಗಲಿ. ಹೆಸರು ಹಾಕಬೇಕು ಎಂದ ಕೂಡಲೇ ಹೇಗೆ ನಿಘಂಟು ತೆರೆಯುತ್ತಾರೆ ನೋಡಿ!

ತರುಣರೇ, ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವುದು ಸುಲಭ. ಕೆಟ್ಟ ಕನ್ನಡ ತಿದ್ದಿಸುವುದು ಕಷ್ಟ. ನಾಳೆ ಬ್ಯಾಂಕಿಗೆ ಹೋದಾಗ ಕನ್ನಡದ ನಮೂನೆ ಕೇಳಿ ಪಡೆಯಿರಿ. 'ಆಸಕ್ತಿ ದರ' ಕಂಡರೆ ಕೆಂಪು ಪೆನ್ನಿನಲ್ಲಿ ಹೊಡೆದು 'ಬಡ್ಡಿ' ಎಂದು ಬರೆದು, ಮ್ಯಾನೇಜರ ಮೇಜಿನ ಮೇಲಿಟ್ಟು, ತಿದ್ದಿದ್ದು ಯಾವಾಗ ಬರುತ್ತದೆ ಎಂದು ಕೇಳಿ. ಅದು ಬರುವ ತನಕ ಮತ್ತೆ ಮತ್ತೆ ಹೋಗಿ ಕೇಳಿ!