ಗೋವಾದ ನೈಜೀರಿಯನ್ನರು: ದುಡಿಯಲು ಕೈ ಇದೆ, ಒಳಬರಲು ಬಾಗಿಲಿಲ್ಲ

ಪಣಜಿ: ಗೋವಾದಲ್ಲಿ ನೈಜೀರಿಯನ್ನರ ಮಾತು ಬಂದಾಗಲೆಲ್ಲ ಜನ ಇಂದಿಗೂ ನೆನೆಯುವುದು 2013ರ ಅಕ್ಟೋಬರ್ 31ರ ಪರ್ವರಿ ಘಟನೆಯನ್ನು. ಮಾಪುಸಾ ಸಮೀಪದ ಪರ್ರಾ ಗ್ರಾಮದಲ್ಲಿ ನೈಜೀರಿಯಾದ ಪ್ರಜೆಯೊಬ್ಬನ ಕೊಲೆಯಾಗಿತ್ತು. ಶವ ಸಾಗಿಸುತ್ತಿದ್ದ ವಾಹನವನ್ನು ಅಡ್ಡಗಟ್ಟಿದ ಸುಮಾರು 200 ನೈಜೀರಿಯನ್ನರು ಶವವನ್ನು ರಾಷ್ಟ್ರೀಯ ಹೆದ್ದಾರಿಯ ಮೇಲಿಟ್ಟು ಗಂಟೆಗಟ್ಟಲೆ ಸಂಚಾರ ತಡೆದರು. ಸ್ಥಳೀಯರೊಂದಿಗೆ ಹೊಡೆದಾಟವಾಯಿತು, 50ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಮುಂದಿನ ದಿನಗಳಲ್ಲಿ ರಾಜ್ಯದ ಸಚಿವ ದಯಾನಂದ ಮಾಂದ್ರೇಕರ್ ಅವರು ನೈಜೀರಿಯನ್ನರನ್ನು ಕ್ಯಾನ್ಸರ್‌ಗೆ ಹೋಲಿಸಿದರು, ಟೀಕೆ ಬಂದ ಮೇಲೆ ಕ್ಷಮೆ ಕೇಳಿದರು. ನೈಜೀರಿಯಾದ ರಾಜತಾಂತ್ರಿಕ ಅಧಿಕಾರಿಯೊಬ್ಬರು, ಗೋವಾದಲ್ಲಿ ತಮ್ಮವರನ್ನು ಹೊರಹಾಕುವುದು ನಿಲ್ಲದಿದ್ದರೆ ನೈಜೀರಿಯಾದಲ್ಲಿರುವ ಸಾವಿರಾರು ಭಾರತೀಯರೂ ಬೀದಿಗೆ ಬೀಳಬೇಕಾದೀತು ಎಂದು ಎಚ್ಚರಿಕೆ ಕೊಟ್ಟರು.

ಆಗ ಎರಡೂ ಕಡೆಯವರು ಆಡಬೇಕಾದ್ದನ್ನೂ ಆಡಬಾರದ್ದನ್ನೂ ಆಡಿದರು. ಆದರೆ ಒಂದು ಪ್ರಶ್ನೆ ಮಾತ್ರ ಹೆಚ್ಚು ಚರ್ಚೆಗೆ ಬರಲಿಲ್ಲ. ಲಾಗೋಸ್‌ನಿಂದ ದುಡಿಮೆ ಹುಡುಕಿ ಹೊರಟ ಸಾಮಾನ್ಯ ಮನುಷ್ಯನೊಬ್ಬನಿಗೆ ಕಾನೂನುಬದ್ಧವಾಗಿ ಭಾರತದಲ್ಲಿ ಕೆಲಸ ಮಾಡುವ ದಾರಿ ಯಾವುದು?

ಉತ್ತರ ನೇರವಾಗಿದೆ. ಅಂಥ ದಾರಿ ಬಹುತೇಕ ಇಲ್ಲ. ಭಾರತದ ಉದ್ಯೋಗ ವೀಸಾ ಸಿಗಬೇಕಾದರೆ ವಿದೇಶಿಯ ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚಿರಬೇಕು. ಮೊದಲು ಇದನ್ನು 25,000 ಡಾಲರ್ ಎಂದು ಲೆಕ್ಕ ಹಾಕುತ್ತಿದ್ದರು. ತಿಂಗಳಿಗೆ 1.35 ಲಕ್ಷ ಎಂದಾಯಿತು. ಗೋವಾದ ಹೋಟೆಲಿನಲ್ಲಿ ಮ್ಯಾನೇಜರಿಗೂ ಅಷ್ಟು ಸಂಬಳ ಸಿಗುವುದು ಅಪರೂಪ. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಅನುವಾದಕರು, ರಾಯಭಾರ ಕಚೇರಿಗಳ ನೌಕರರು ಮುಂತಾದ ಕೆಲವರಿಗೆ ಮಾತ್ರ ಈ ಮಿತಿಯಿಂದ ವಿನಾಯಿತಿ. ಭಾರತೀಯರೇ ಮಾಡಬಲ್ಲ ಸಾಮಾನ್ಯ ಕೆಲಸಕ್ಕೆ ಹೊರಗಿನವರನ್ನು ಕರೆಸಬಾರದು ಎಂಬುದು ಈ ನಿಯಮದ ಉದ್ದೇಶ. ಕೋಟ್ಯಂತರ ನಿರುದ್ಯೋಗಿಗಳಿರುವ ದೇಶದಲ್ಲಿ ಅದು ತಪ್ಪೆಂದು ಹೇಳುವುದು ಕಷ್ಟ.

ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಹೊರಟವನು ನಿಲ್ಲುವುದಿಲ್ಲ. ನೈಜೀರಿಯಾದಲ್ಲಿ ಈಗ ‘ಜಾಪಾ’ ಎಂಬ ಯೊರುಬಾ ಮಾತು ಮನೆಮನೆಯ ಮಾತಾಗಿದೆ. ಓಡಿಹೋಗು, ದೇಶ ಬಿಟ್ಟು ಪಾರಾಗು ಎಂದು ಅರ್ಥ. 2023ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ನೈರಾ ನಾಣ್ಯದ ಮೇಲಿನ ಹಿಡಿತ ಸಡಿಲಿಸಿದ ಮೇಲೆ, ಅದುವರೆಗೆ 460ರ ಆಸುಪಾಸಿನಲ್ಲಿದ್ದ ಡಾಲರ್ ಬೆಲೆ ಮುಂದಿನ ವರ್ಷ 1,500 ನೈರಾ ದಾಟಿತು. ಸಂಬಳ ಇದ್ದಷ್ಟೇ ಇತ್ತು, ಅದರ ಬೆಲೆ ಮೂರರಲ್ಲಿ ಒಂದು ಪಾಲಾಯಿತು. ಬ್ರಿಟನ್ ಅಥವಾ ಕೆನಡಾಕ್ಕೆ ಹೋಗುವ ಶಕ್ತಿ ಇಲ್ಲದವರು ಕಡಿಮೆ ಖರ್ಚಿನ ದೇಶಗಳತ್ತ ನೋಡುತ್ತಾರೆ.

ಹೀಗೆ ಭಾರತಕ್ಕೆ ಬರುವವರ ಕೈಯಲ್ಲಿರುವುದು ವ್ಯಾಪಾರದ, ವಿದ್ಯಾರ್ಥಿಯ ಅಥವಾ ಚಿಕಿತ್ಸೆಯ ವೀಸಾ. ತಿರುಪ್ಪೂರಿನಲ್ಲಿ ಸಿದ್ಧ ಉಡುಪು ಕೊಂಡು ಲಾಗೋಸ್‌ಗೆ ಕಳಿಸುವ ನೈಜೀರಿಯಾದ ವ್ಯಾಪಾರಿಗಳು ಹಳಬರು. ಅವರದು ಕಾನೂನುಬದ್ಧ ವ್ಯವಹಾರ. ತೊಂದರೆ ಬರುವುದು ಬಂಡವಾಳ ಕರಗಿದಾಗ. ವ್ಯಾಪಾರದ ವೀಸಾದಲ್ಲಿ ಯಾರ ಬಳಿಯೂ ಸಂಬಳಕ್ಕೆ ದುಡಿಯುವಂತಿಲ್ಲ, ವಿದ್ಯಾರ್ಥಿ ವೀಸಾದಲ್ಲೂ ಹಾಗೆಯೇ. ಆಗ ಸೀಜನ್ ಇರುವ ಊರು ನೆನಪಾಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಗದು ಓಡಾಡುವ, ಯಾರು ಯಾವ ದೇಶದವರೆಂದು ಹೆಚ್ಚು ಕೇಳದ ಗೋವಾದ ಕಡಲ ತೀರ ಕೈಬೀಸಿ ಕರೆಯುತ್ತದೆ.

ಚೆಂಡಿನಿಂದ ತೆರೆದ ಬಾಗಿಲು

ಒಂದು ಬಾಗಿಲು ಮಾತ್ರ ಗೋವಾದಲ್ಲಿ ನೈಜೀರಿಯನ್ನರಿಗೆ ಸಲೀಸಾಗಿ ತೆರೆದಿತ್ತು, ಅದು ಫುಟ್‌ಬಾಲ್. ಕ್ಲಬ್‌ನೊಂದಿಗೆ ಒಪ್ಪಂದವಿರುವ ಆಟಗಾರನಿಗೆ ಉದ್ಯೋಗ ವೀಸಾ ಸಿಗುತ್ತದೆ. 2007ರಲ್ಲಿ ಆರಂಭವಾದ ಐ-ಲೀಗ್‌ನ ಮೊದಲ ಐದು ಋತುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಇಬ್ಬರೇ, ಇಬ್ಬರೂ ನೈಜೀರಿಯನ್ನರು, ಆಗ ಇಬ್ಬರೂ ಆಡುತ್ತಿದ್ದುದು ಗೋವಾದ ಕ್ಲಬ್‌ಗಳಿಗೆ. ಮೊದಲ ಮೂರು ವರ್ಷ ಚರ್ಚಿಲ್ ಬ್ರದರ್ಸ್‌ನ ಒಡಾಫಾ ಒಕೋಲಿ, ನಂತರದ ಎರಡು ವರ್ಷ ಡೆಂಪೋದ ರ‍್ಯಾಂಟಿ ಮಾರ್ಟಿನ್ಸ್. 2011-12ರಲ್ಲಿ ರ‍್ಯಾಂಟಿ ಹೊಡೆದದ್ದು 32 ಗೋಲು. ಫತೋರ್ಡಾ ಕ್ರೀಡಾಂಗಣದಲ್ಲಿ ಅವರ ಹೆಸರು ಕೂಗುತ್ತಿದ್ದ ರಾಜ್ಯದಲ್ಲೇ, ಮುಂದಿನ ವರ್ಷ ಅವರ ದೇಶದವರಿಗೆ ಬಾಡಿಗೆ ಮನೆ ಕೊಡಬೇಡಿ ಎಂಬ ಕೂಗೆದ್ದಿತು. ಗೋಲು ಹೊಡೆಯುವವನಿಗೊಂದು, ಹೊಡೆಯದವನಿಗೊಂದು ನ್ಯಾಯ ಎಂದರೆ ತಪ್ಪಾಗಲಾರದು.

ಮಾದಕ ವಸ್ತುವಿನ ಆರೋಪವನ್ನು ಮುಚ್ಚಿಟ್ಟು ಈ ವಿಷಯ ಮಾತನಾಡುವಂತಿಲ್ಲ. ಗೋವಾದಲ್ಲಿ ಮಾದಕ ವಸ್ತು ಪ್ರಕರಣಗಳಲ್ಲಿ ನೈಜೀರಿಯಾದವರ ಬಂಧನ ಮತ್ತೆ ಮತ್ತೆ ಆಗಿದೆ. ಅವರಿಂದ ಕೆಟ್ಟವರೂ ಇದ್ದಾರೆ, ಕೆಟ್ಟ ಅನುಭವವಾದ ಗ್ರಾಮಸ್ಥರೂ ಇದ್ದಾರೆ. ಆದರೆ ಇದೇ ದಂಧೆಯಲ್ಲಿ ಇಸ್ರೇಲ್, ರಷ್ಯಾದವರೂ ಸಿಕ್ಕಿಬಿದ್ದಿದ್ದಾರೆ, ಸ್ಥಳೀಯರೂ ಸಿಕ್ಕಿಬಿದ್ದಿದ್ದಾರೆ. 2010ರಲ್ಲಿ ಮಾದಕ ವಸ್ತು ನಿಗ್ರಹ ದಳದ ಪೊಲೀಸರನ್ನೇ ಬಂಧಿಸಬೇಕಾಗಿ ಬಂದದ್ದು ಗೋವಾದಲ್ಲೇ. ಬಣ್ಣ ನೋಡಿ ಒಂದು ದೇಶದವರನ್ನೆಲ್ಲ ಅಪರಾಧಿಗಳೆನ್ನುವುದು ಪೊಲೀಸ್ ತನಿಖೆಗೂ ನೆರವಾಗದು. ಕರ್ನಾಟಕವೂ ಈ ವಿಷಯದಲ್ಲಿ ಬೆನ್ನು ತಟ್ಟಿಕೊಳ್ಳುವಂತಿಲ್ಲ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಸೂಡಾನ್‌ನವನೊಬ್ಬ ಮಾಡಿದ ಅಪಘಾತಕ್ಕೆ ಜನ ಸೇಡು ತೀರಿಸಿಕೊಂಡದ್ದು ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ.

ಘಾಟಿ, ಭಾಯ್ಲೆ, ನೈಜೀರಿಯನ್

ಖಾನಾಪುರ, ಲೋಂಡಾ, ರಾಮನಗರ, ಕಾರವಾರ ಕಡೆಯ ಓದುಗರಿಗೆ ಈ ಕಥೆ ಅಪರಿಚಿತವೇನಲ್ಲ. ಘಟ್ಟದ ಮೇಲಿನಿಂದ ಬಂದವರಿಗೆ ಗೋವಾದಲ್ಲಿ ‘ಘಾಟಿ’ ಎಂಬ ಹೆಸರು ಯಾವಾಗಲೋ ಅಂಟಿದೆ. ಬಂದರು, ಗಣಿ, ಕಟ್ಟಡ ಕೆಲಸಕ್ಕೆಂದು ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಹೋದವರು ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ಬೀಡುಬಿಟ್ಟರು. ಬೈನಾದಲ್ಲಿ 2004ರ ಜೂನ್‌ನಲ್ಲಿ, ಮಳೆ ಶುರುವಾಗುವ ಹೊತ್ತಿಗೆ ಮನೆಗಳು ನೆಲಸಮವಾದವು. 2015ರಲ್ಲಿ ಮತ್ತೊಮ್ಮೆ ಬುಲ್ಡೋಜರ್ ಬಂತು. 2023ರ ಮೇ ದಿನದಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಅವರು ರಾಜ್ಯದ ಶೇ. 90ರಷ್ಟು ಅಪರಾಧಗಳು ಹೊರಗಿನ ಕಾರ್ಮಿಕರಿಂದ ಎಂದು ಹೇಳಿ, ಬಿಹಾರ ಮತ್ತು ಉತ್ತರ ಪ್ರದೇಶದ ಹೆಸರೆತ್ತಿ ವಿವಾದಕ್ಕೆ ಸಿಲುಕಿದರು. ಹೆಸರು ಬದಲಾಗುತ್ತದೆ, ಬೈಗುಳದ ಧಾಟಿ ಅದೇ.

ವ್ಯತ್ಯಾಸವೊಂದಿದೆ, ಅದು ದೊಡ್ಡದು. ಕನ್ನಡಿಗನಿಗೆ ಸಂವಿಧಾನದ 19ನೇ ವಿಧಿ ಇದೆ. ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸಿ ದುಡಿಯಬಹುದು. ಮನೆ ಬಿದ್ದರೆ ಕೋರ್ಟಿಗೆ ಹೋಗಬಹುದು, ಬೇಸತ್ತರೆ ರೈಲು ಹತ್ತಿ ಲೋಂಡಾಕ್ಕೆ ಬರಬಹುದು. ನೈಜೀರಿಯಾದವನಿಗೆ ವೀಸಾ ಮುಗಿದ ಮರುದಿನದಿಂದ ಯಾವುದೂ ಇಲ್ಲ. ಕೂಲಿ ಕೊಡದ ಮಾಲೀಕನ ಮೇಲೆ ದೂರು ಕೊಡಲು ಠಾಣೆಗೆ ಹೋದರೆ ಮೊದಲು ಒಳಗೆ ಹೋಗುವವನು ಅವನೇ.

ಸ್ವತಃ ಗೋವೆಯ ಮನೆಗಳಲ್ಲಿ ಹೊರದೇಶದ ಹಣ ಕಾಣದ ಮನೆ ಹುಡುಕಬೇಕು. ಹಡಗಿನ ಕೆಲಸ, ಕೊಲ್ಲಿಯ ಕೆಲಸ, 1961ರ ಡಿಸೆಂಬರ್ 19ಕ್ಕೆ ಮೊದಲು ಹುಟ್ಟಿದ ಹಿರಿಯರ ಹೆಸರಿನಲ್ಲಿ ಪಡೆಯುವ ಪೋರ್ಚುಗೀಸ್ ಪಾಸ್‌ಪೋರ್ಟ್, 2020ರವರೆಗೆ ಅದರ ಬಲದಿಂದ ಇಂಗ್ಲೆಂಡಿನ ಸ್ವಿಂಡನ್. ಪೂರ್ವ ಆಫ್ರಿಕದಲ್ಲಿ ಗುಮಾಸ್ತರೂ ದರ್ಜಿಗಳೂ ಆಗಿದ್ದ ಗೋವನ್ನರು, 1972ರಲ್ಲಿ ಇದಿ ಅಮೀನ್ 90 ದಿನದ ಗಡುವು ಕೊಟ್ಟಾಗ ಉಗಾಂಡದಿಂದ ಬರಿಗೈಯಲ್ಲಿ ಹೊರಟವರಲ್ಲಿ ಸೇರಿದ್ದರು. ನೈಜೀರಿಯಾಕ್ಕೂ ಈ ಪಾಠ ಹೊಸದಲ್ಲ. 1969ರಲ್ಲಿ ಘಾನಾ ತನ್ನಲ್ಲಿದ್ದ ನೈಜೀರಿಯನ್ನರನ್ನು ಓಡಿಸಿತು, 1983ರಲ್ಲಿ ನೈಜೀರಿಯಾ ಘಾನಾದವರನ್ನು ಓಡಿಸಿತು. ಆಗ ಅವರು ಗಂಟು ಕಟ್ಟಿಕೊಂಡ ಚೌಕಳಿಯ ಅಗ್ಗದ ಪ್ಲಾಸ್ಟಿಕ್ ಚೀಲಕ್ಕೆ ಪಶ್ಚಿಮ ಆಫ್ರಿಕದಲ್ಲಿ ಇಂದಿಗೂ ‘ಘಾನಾದವರು ಹೋಗಲಿ’ ಎಂದೇ ಹೆಸರು. ವಾಸ್ಕೋ ರೈಲು ನಿಲ್ದಾಣದಲ್ಲಿ ನಮ್ಮವರ ಹೆಗಲ ಮೇಲೂ ಅಂಥದೇ ಚೀಲ ಕಾಣುತ್ತದೆ.

ಗಡಿಭಾಗದ ಹುಡುಗರು ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು, ಭೇಟಿ ವೀಸಾದಲ್ಲಿ ದುಬೈಗೆ ಹೋಗಿ ಅಲ್ಲಿ ಕೆಲಸ ಹುಡುಕುವುದೂ ಇದೇ ಜಾತಿಯ ಜೂಜು. ವೀಸಾ ಮುಗಿದ ಮೇಲೆ ಅವರ ಗತಿಯೂ ಕಲಂಗುಟ್‌ನ ನೈಜೀರಿಯನ್ನನ ಗತಿಯೇ. ಆದರೆ ಯುಎಇ ಆಗಾಗ ಕ್ಷಮಾದಾನದ ಅವಧಿ ಪ್ರಕಟಿಸುತ್ತದೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ವೀಸಾ ಮೀರಿ ಉಳಿದವರಿಗೆ ದಂಡವಿಲ್ಲದೆ ಹೊರಡಲು ಅಥವಾ ಕೆಲಸ ಹಿಡಿದು ದಾಖಲೆ ಸರಿಪಡಿಸಿಕೊಳ್ಳಲು ಅವಕಾಶವಿತ್ತು. ಭಾರತೀಯರೂ ಅದರ ಪ್ರಯೋಜನ ಪಡೆದರು.

ಭಾರತ ಹಿಡಿದ ದಾರಿ ಬೇರೆ. 2025ರ ಸೆಪ್ಟೆಂಬರ್ 1ರಿಂದ, 1946ರ ವಿದೇಶಿಯರ ಕಾಯ್ದೆಯ ಬದಲು ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ವೀಸಾ ಮೀರಿ ಉಳಿದರೆ 3 ವರ್ಷದವರೆಗೆ ಸಜೆ, 3 ಲಕ್ಷ ರೂಪಾಯಿವರೆಗೆ ದಂಡ. ಖೊಟ್ಟಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದರೆ ಕನಿಷ್ಠ 2 ವರ್ಷ, ಗರಿಷ್ಠ 7 ವರ್ಷ ಜೈಲು. ವಿದೇಶಿಯರಿಗೆ ಮನೆ ಬಾಡಿಗೆಗೆ ಕೊಟ್ಟವರು ಮಾಹಿತಿ ನೀಡಬೇಕು ಎಂಬುದು ಹಿಂದೆಯೂ ಇತ್ತು, ಈಗಲೂ ಇದೆ. ಗಡಿಯ ಹಳ್ಳಿಗಳಲ್ಲಿ ಕೋಣೆ ಬಾಡಿಗೆಗೆ ಕೊಡುವವರು ಇದನ್ನು ಹಗುರಾಗಿ ಕಾಣುವುದು ಬೇಡ.

ಇಷ್ಟಾದರೂ ಹೊರಕಳಿಸುವ ಕೆಲಸ ಸುಲಭವಲ್ಲ. ಗೋವಾ ಸರ್ಕಾರ 2019ರಲ್ಲಿ ಮಾಪುಸಾದಲ್ಲಿ ವಿದೇಶಿಯರ ಬಂಧನ ಕೇಂದ್ರ ತೆರೆಯಿತು. ಪಾಸ್‌ಪೋರ್ಟ್ ಇಲ್ಲದವನ ಗುರುತನ್ನು ಅವನ ದೇಶದ ರಾಯಭಾರ ಕಚೇರಿ ಒಪ್ಪಿ ಕಾಗದ ಕೊಡಬೇಕು, ವಿಮಾನದ ಟಿಕೆಟ್ ಆಗಬೇಕು. ಮೈಮೇಲೊಂದು ಕ್ರಿಮಿನಲ್ ಪ್ರಕರಣವಿದ್ದರೆ ಸಾಮಾನ್ಯವಾಗಿ ಅದು ಇತ್ಯರ್ಥವಾಗುವವರೆಗೆ ಅವನನ್ನು ಕಳಿಸಲಾಗದು. ಊರಿಗೆ ಮರಳುವುದನ್ನು ತಪ್ಪಿಸಿಕೊಳ್ಳಲು ಕೆಲವರು ಬೇಕೆಂದೇ ಸಣ್ಣಪುಟ್ಟ ಪ್ರಕರಣ ಮೈಮೇಲೆ ಎಳೆದುಕೊಳ್ಳುತ್ತಾರೆ ಎಂಬ ದೂರೂ ಗೋವಾದಲ್ಲಿದೆ. ಜಾಮೀನಿನ ಮೇಲೆ ಹೊರಬಂದವನು ದೇಶ ಬಿಡುವಂತಿಲ್ಲ, ದುಡಿಯುವಂತೆಯೂ ಇಲ್ಲ. ಮುಂದಿನ ವಿಚಾರಣೆಯ ದಿನದವರೆಗೆ ಅವನು ಹೊಟ್ಟೆಗೆ ಏನು ಮಾಡಬೇಕೆಂಬುದನ್ನು ಹಳೆಯ ಕಾಯ್ದೆಯೂ ಹೇಳಲಿಲ್ಲ, ಹೊಸದೂ ಹೇಳುತ್ತಿಲ್ಲ.