ತೋಳ ಹೋದರೆ ಕುರಿಗೇನು ಲಾಭ?



"ಒಳ್ಳೆಯ ಕುರುಬನ ಶುಭಸಂದೇಶ ಓದುವವರು ತೋಳದ ಪರ ಮಾತಾಡಬಹುದೇ?" ಎಂದು ಕೆಲವರು ಕೇಳುತ್ತಾರೆ. ಮಾತಾಡಲೇಬೇಕು. ಯೇಸುಸ್ವಾಮಿ ಅಲ್ಲಿ ದೂರಿದ್ದು ತೋಳ ಬಂದಾಗ ಕುರಿ ಬಿಟ್ಟು ಓಡಿದ ಕೂಲಿಯಾಳನ್ನು. ತೋಳದ ವಂಶ ಅಳಿಸಿರಿ ಎಂದು ಅವರು ಹೇಳಲಿಲ್ಲ.

ಹುಪರಿ, ಪಟ್ಟಣಕೋಡೋಲಿ ಕಡೆಯ ಧನಗರರಿಗೆ ಒಂದು ಕುರಿ ಹೋದರೂ ದೊಡ್ಡ ನಷ್ಟ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತೋಳವನ್ನು ಕೊಂದರೆ ನಷ್ಟ ನಿಲ್ಲುತ್ತದೆಯೇ?

ಒಂದು ಕಾಲದಲ್ಲಿ ಕೊಲ್ಹಾಪುರ ಸಂಸ್ಥಾನದವರು ಚೀತಾ ಸಾಕಿ ಕೃಷ್ಣಮೃಗದ ಬೇಟೆಯಾಡಿಸುತ್ತಿದ್ದರು. 1952ರಲ್ಲಿ ಸರ್ಕಾರ ದೇಶದಲ್ಲಿ ಚೀತಾ ಅಳಿಯಿತೆಂದು ಘೋಷಿಸಿತು. ದಖ್ಖನದ ಬಯಲಲ್ಲಿ ಆ ಕೆಲಸ ಮಾಡಲು ಉಳಿದದ್ದು ಮುಖ್ಯವಾಗಿ ತೋಳವೇ. ಅದು ಜಿಂಕೆ, ಮೊಲ, ಇಲಿ, ಹಂದಿಮರಿಗಳನ್ನು ಹಿಡಿಯುತ್ತದೆ. ಅದೂ ಹೋದರೆ ಹಂದಿ, ಜಿಂಕೆಗಳನ್ನು ತಡೆಯುವವರು ಯಾರು? ಅವು ನುಗ್ಗುವುದು ನಮ್ಮದೇ ಹೊಲಕ್ಕೆ. ಖಾಲಿಯಾದ ಜಾಗಕ್ಕೆ ಬೀದಿನಾಯಿಗಳ ಹಿಂಡು ಬರುತ್ತದೆ. ಅವು ಕುರಿಯನ್ನೂ ಕಚ್ಚುತ್ತವೆ, ಹುಚ್ಚುರೋಗವನ್ನೂ ಹರಡುತ್ತವೆ. ಪುಣೆಯ ಬಳಿ ತೋಳ ಮತ್ತು ನಾಯಿಯ ಮಿಶ್ರತಳಿ ಹುಟ್ಟಿರುವುದು ಡಿಎನ್‌ಎ ಪರೀಕ್ಷೆಯಲ್ಲೇ ಗೊತ್ತಾಗಿದೆ.

ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ 1926ರ ಹೊತ್ತಿಗೆ ತೋಳಗಳನ್ನು ಮುಗಿಸಿದರು. ದೊಡ್ಡ ಜಿಂಕೆಗಳು ಎಳೆಯ ಗಿಡಗಳನ್ನು ಮೇಯ್ದು ಬೋಳು ಮಾಡಿದವು. ಕೊನೆಗೆ 1995ರಲ್ಲಿ ಬೇರೆ ಕಡೆಯಿಂದ ತೋಳಗಳನ್ನು ತಂದು ಬಿಡಬೇಕಾಯಿತು. ಕೊಲ್ಲುವುದು ಸುಲಭ, ಮರಳಿ ತರುವುದು ಕಷ್ಟ.

ಇನ್ನೊಂದು ತಪ್ಪನ್ನು ನಾವು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ. ಹುಲ್ಲುಗಾವಲನ್ನು 'ಬಂಜರು' ಎಂದು ಕರೆದು, ಅಲ್ಲಿ ಗುಂಡಿ ತೋಡಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಹುಲ್ಲು ಹೋದರೆ ಕುರಿಗೂ ಮೇವಿಲ್ಲ, ತೋಳಕ್ಕೂ ಬೇಟೆಯಿಲ್ಲ. ಆಗ ತೋಳ ಹಟ್ಟಿಗೆ ಬರದೆ ಎಲ್ಲಿಗೆ ಹೋದೀತು?

ಗುಬ್ಬಿಯೊ ಊರಿನ ತೋಳದ ಕಥೆ ನೆನಪಿದೆಯಲ್ಲವೇ? ಅಸ್ಸಿಸಿಯ ಸಂತ ಫ್ರಾನ್ಸಿಸ್ಸರು ಅದನ್ನು ಕೊಲ್ಲಿಸಲಿಲ್ಲ. ಊರಿಗೂ ತೋಳಕ್ಕೂ ಒಪ್ಪಂದ ಮಾಡಿಸಿದರು. ಇಂದಿನ ಒಪ್ಪಂದವೆಂದರೆ ರಾತ್ರಿಗೆ ಗಟ್ಟಿ ದೊಡ್ಡಿ, ಕಾವಲಿಗೆ ಒಳ್ಳೆಯ ನಾಯಿ, ಕುರಿ ಕಳೆದುಕೊಂಡವನ ಕೈಗೆ ತಡವಿಲ್ಲದೆ ಪರಿಹಾರ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ 800 ಎಕರೆಗೂ ಹೆಚ್ಚು ಜಾಗವನ್ನು ತೋಳಗಳಿಗೆಂದೇ ಮೀಸಲಿಟ್ಟಿದ್ದಾರೆ. 1972ರ ವನ್ಯಜೀವಿ ಕಾಯ್ದೆಯೂ ತೋಳಕ್ಕೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿದೆ.

ಹಾಗಾಗಿ ಯುವಕೂಟಕ್ಕೆ ನನ್ನ ಬೇಡಿಕೆ ಎರಡೇ. ಈ ಮಳೆಗಾಲದಲ್ಲಿ ಸಸಿಗಳನ್ನು ದೇವಾಲಯದ ಅಂಗಳದಲ್ಲಿ, ರಸ್ತೆಬದಿಯಲ್ಲಿ ನೆಡೋಣ, ಹುಲ್ಲುಗಾವಲಲ್ಲಿ ಬೇಡ. ಕುರಿ ಕಳೆದುಕೊಂಡ ಧನಗರ ಅಣ್ಣನ ಜೊತೆ ಪರಿಹಾರದ ಅರ್ಜಿ ಹಿಡಿದು ಅರಣ್ಯ ಇಲಾಖೆಯ ಕಚೇರಿಗೆ ಹೋಗೋಣ. ಓಡಿಹೋಗುವ ಕೂಲಿಯಾಳುಗಳು ನಾವಾಗುವುದು ಬೇಡ.